ಒಂದು ಲೀಟರಿನ ಎಂಜಿನ್ನೂ ನನ್ನ ಷಡ್ಡಕನ ಶುಕ್ರವಾರವೂ

ವಾರಂಟಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ರೊಡೋಪಿ ಬೆಟ್ಟಗಳ ನಡುವಿನ ಗೊರ್ನಾ ಲಿಪಾ ಎಂಬ ನಮ್ಮ ಹಳ್ಳಿಯ ಅರವತ್ತೊಂದು ಮನೆಗಳ ಪರವಾಗಿ, ಆ ಮನೆಗಳ ಕುರಿ ಕೋಳಿ ನಾಯಿಗಳ ಪರವಾಗಿ, ಮತ್ತು ಫೆಬ್ರುವರಿ ತಿಂಗಳಿಂದ ನನ್ನ ಅಂಗಳದಲ್ಲಿ ತಾನಾಗಿ ಅಲುಗಾಡದೆ ತಪಸ್ಸಿಗೆ ಕುಳಿತಿರುವ ತಮ್ಮ ಕಂಪನಿಯ ಕಾರಿನ ಪರವಾಗಿ ತಮಗೆ ಅನಂತ ನಮಸ್ಕಾರಗಳು. ತಾವೂ ತಮ್ಮ ಕುಟುಂಬದವರೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ತಮ್ಮ ಕುಟುಂಬದವರು ಓಡಾಡುವುದು ಬೇರೆ ಕಂಪನಿಯ ಕಾರಿನಲ್ಲೆಂದೂ ನಂಬಿದ್ದೇನೆ, ಏಕೆಂದರೆ ತಾವು ವಿವೇಕಿಗಳು.

ಈ ಪತ್ರವನ್ನು ನಮ್ಮೂರಿನ ಅಂಚೆ ಕಚೇರಿಯ ಕಿಟಕಿಗೂ ಅಂಟಿಸುತ್ತಿದ್ದೇನಾದ್ದರಿಂದ ಇದರಲ್ಲಿ ತಮ್ಮ ಕಂಪನಿಯ ಹೆಸರನ್ನು ಬರೆದಿಲ್ಲ. ನನ್ನ ಹೆಂಡತಿ ಝ್ಲಾಟ್ಕಾ ಬಹಳ ಎಚ್ಚರದ ಹೆಂಗಸು. "ಹೆಸ್ರು ಹಾಕ್ಬೇಡಿ ಕಣ್ರೀ, ಕೋರ್ಟಿಗೆ ಎಳೀತಾರೆ" ಎಂದಳು. ಎಳೆಯುವ ಶಕ್ತಿ ಆ ಎಂಜಿನ್ನಿಗೆ ಎಲ್ಲಿದೆ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ನಾನು ವೆಲಿಚ್ಕೊ ಉರುಮೊವ್, ಇಲ್ಲಿನ ನಿವೃತ್ತ ಪೋಸ್ಟ್ ಮಾಸ್ಟರ್. ಮೂವತ್ತನಾಲ್ಕು ವರ್ಷ ಊರಿನವರ ದೂರುಪತ್ರಗಳ ಮೇಲೆ ಮುದ್ರೆ ಒತ್ತಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಬೈಗುಳದಿಂದ ಶುರುವಾದ ಪತ್ರಕ್ಕೆ ಉತ್ತರ ಬಂದದ್ದನ್ನು ನಾನು ಕಂಡಿಲ್ಲ; ಹೊಗಳಿಕೆಯಿಂದ ಶುರುವಾದದ್ದಕ್ಕೂ ಬಂದದ್ದನ್ನು ಕಂಡಿಲ್ಲ, ಆದರೆ ಹೊಗಳಿ ಬರೆದವರಿಗೆ ರಕ್ತದೊತ್ತಡ ಕಡಿಮೆ ಇರುತ್ತಿತ್ತು. ಆದ್ದರಿಂದ ಮೊದಲು ಹೊಗಳುತ್ತೇನೆ.

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಮಾತನ್ನು ತಮ್ಮ ಎಂಜಿನಿಯರುಗಳು ಅಕ್ಷರಶಃ ನಂಬಿದವರು. ಒಂದೇ ಲೀಟರು, ಮೂರೇ ಸಿಲಿಂಡರು, ರಸ್ತೆಬದಿಯ ನೀರಿನ ಕಟ್ಟೆಯ ಮೇಲೆ ಇಟ್ಟರೆ ಯಾರಾದರೂ ಬಿಂದಿಗೆಯೆಂದು ಎತ್ತಿಕೊಂಡು ಹೋಗಬಹುದಾದ ಗಾತ್ರ. ಆದರೂ ಹೊರಗೆ ಹೋಗುವ ಹೊಗೆಯನ್ನೇ ಹಿಡಿದು ಒಂದು ಗಾಳಿಚಕ್ರ ತಿರುಗಿಸಿ, ಆ ಚಕ್ರದಿಂದ ಎಂಜಿನ್ನಿನ ಬಾಯಿಗೆ ಗಾಳಿ ತುರುಕಿ, ಟರ್ಬೊ ಎಂಬ ಈ ಉಪಾಯದಿಂದ ನೂರ ಹತ್ತು ಕುದುರೆಗಳ ಶಕ್ತಿಯನ್ನು ಹಿಂಡಿ ತೆಗೆದಿದ್ದೀರಿ. ಪೆಟ್ರೋಲು ಉಳಿಯುತ್ತದೆ, ಗಾಳಿ ಶುದ್ಧವಾಗಿರುತ್ತದೆ ಎಂದು ತಮ್ಮ ಹೊಳೆಯುವ ಪುಸ್ತಿಕೆಯಲ್ಲಿ ಬರೆದಿದ್ದೀರಿ. ಅದು ಸತ್ಯ. ಫೆಬ್ರುವರಿಯಿಂದ ನಮ್ಮ ಕಾರು ಒಂದು ತೊಟ್ಟು ಪೆಟ್ರೋಲು ಕುಡಿದಿಲ್ಲ, ಒಂದೆಳೆ ಹೊಗೆ ಬಿಟ್ಟಿಲ್ಲ. ಕೊಟ್ಟ ಮಾತನ್ನು ಇಷ್ಟು ಪೂರ್ಣವಾಗಿ ಉಳಿಸಿಕೊಂಡ ಕಂಪನಿ ಬೇರೆಲ್ಲೂ ಇರಲಾರದು.

ಈ ಕಾರಿನ ವಿಷಯದಲ್ಲಿ ನನಗಿಂತ ಮುಖ್ಯನಾದವನು ನನ್ನ ಷಡ್ಡಕ ಮಿಂಚೊ. ಝ್ಲಾಟ್ಕಾಳ ತಂಗಿ ಪೆನ್ಕಾಳನ್ನು ಮದುವೆಯಾದವನು, ನಮ್ಮ ಪಕ್ಕದ ಮನೆಯವನು, ಅರಣ್ಯ ಇಲಾಖೆಯಲ್ಲಿ ದಿಮ್ಮಿ ಸಾಗಿಸುವ ಲಾರಿ ಓಡಿಸಿ ನಿವೃತ್ತನಾದವನು. ಅಕ್ಕತಂಗಿಯರ ಗಂಡಂದಿರ ನಡುವಿನ ಪ್ರೀತಿಯನ್ನು ತಮ್ಮ ದೇಶದಲ್ಲಿ ಹೇಗೆ ತೋರಿಸುತ್ತಾರೋ ತಿಳಿಯದು, ನಮ್ಮಲ್ಲಿ ಅದನ್ನು ಒಬ್ಬರನ್ನೊಬ್ಬರು ಹೀಯಾಳಿಸಿಯೇ ತೋರಿಸಬೇಕು. ಮೂರು ವರ್ಷಗಳ ಹಿಂದೆ ಅವನ ಎರಡೂ ಕಿಡ್ನಿಗಳು ಕೈಕೊಟ್ಟವು. ಅಂದಿನಿಂದ ಪ್ರತಿ ಸೋಮವಾರ, ಬುಧವಾರ, ಶುಕ್ರವಾರ ಅವನು ನಲವತ್ತೊಂದು ಕಿಲೋಮೀಟರ್ ಕೆಳಗಿರುವ ಜಿಲ್ಲಾ ಆಸ್ಪತ್ರೆಗೆ ಇಳಿದು ಹೋಗಿ, ನಾಲ್ಕು ಗಂಟೆ ಯಂತ್ರಕ್ಕೆ ತೋಳು ಕೊಟ್ಟು ಮಲಗಿ, ರಕ್ತ ತೊಳೆಸಿಕೊಂಡು ಬರಬೇಕು. ಒಂದು ಸಲ ತಪ್ಪಿದರೆ ಕಾಲು ಊದುತ್ತದೆ, ಎರಡು ಸಲ ತಪ್ಪಿದರೆ ಉಸಿರು ಕಟ್ಟುತ್ತದೆ, ಮೂರನೆಯದರ ಬಗ್ಗೆ ಡಾಕ್ಟರು ಹೇಳಲಿಲ್ಲ, ನಾವೂ ಕೇಳಲಿಲ್ಲ. ನಮ್ಮ ಕಣಿವೆಗೆ ಬಸ್ಸು ಬರುವುದು ನಿಂತು ಆರು ವರ್ಷವಾಯಿತು.

ಮೊದಲ ವರ್ಷ ಅವನನ್ನು ಅವನದೇ ಜೀಪಿನಲ್ಲಿ ನಾನು ಕರೆದೊಯ್ಯುತ್ತಿದ್ದೆ. ನಲವತ್ತು ವರ್ಷ ಹಳೆಯ ರಷ್ಯನ್ ಜೀಪು ಅದು, ಅದರ ಬಣ್ಣ ಹಸಿರೆಂಬುದು ದಾಖಲೆಯಲ್ಲಿ ಮಾತ್ರ ಉಳಿದಿತ್ತು, ಬಾಗಿಲನ್ನು ಹಗ್ಗದಿಂದ ಕಟ್ಟಬೇಕಾಗಿತ್ತು. ಕೆಟ್ಟರೆ ಮಿಂಚೊ ಇಳಿದು ಸುತ್ತಿಗೆಯಿಂದ ಎರಡೇಟು ಹಾಕುತ್ತಿದ್ದ, ಅದು ಹೊರಡುತ್ತಿತ್ತು. ಆದರೆ ಆಸ್ಪತ್ರೆಯಿಂದ ವಾಪಸು ಬರುವಾಗ, ಮೈಯಲ್ಲಿ ಶಕ್ತಿಯೇ ಇಲ್ಲದ ಆ ಮನುಷ್ಯನನ್ನು ಅದು ಜರಡಿಯಲ್ಲಿ ಹಾಕಿದಂತೆ ಕುಲುಕಿಸುವುದನ್ನು ನನಗೆ ನೋಡಲಾಗುತ್ತಿರಲಿಲ್ಲ. ಹಾಗೆಂದೇ ತಮ್ಮ ಮಾರಾಟದ ಮಳಿಗೆಗೆ ಹೋದೆ. ಹಳೆಯ ವಾಹನ ಕೊಟ್ಟರೆ ಹೊಸದಕ್ಕೆ ರಿಯಾಯಿತಿ ಎಂದರು. ಜೀಪನ್ನು ಕೊಡೆಂದು ಮಿಂಚೊನನ್ನು ಎರಡು ವಾರ ಪೀಡಿಸಿದವನು ನಾನೇ. ಅವನಿಗೆ ಮನಸ್ಸಿರಲಿಲ್ಲ, ಆದರೂ ಕೊಟ್ಟ.

ಹೊಸ ಕಾರಿನ ಕಾಗದಗಳನ್ನು ಅವನು ಕನ್ನಡಕ ಏರಿಸಿಕೊಂಡು ಓದಿದ ರೀತಿ ನನಗೆ ಇನ್ನೂ ನೆನಪಿದೆ. "ಏನ್ ಷಡ್ಕಾ, ಒಂದ್ ಲೀಟ್ರಲ್ಲಿ ನೂರಾ ಹತ್ತು ಕುದ್ರೇನಾ? ಮೊಸರಿನ ಡಬ್ಬೀಲಿ ಮದ್ವೆ ದಿಬ್ಬಣ ಕೂರ್ಸಿದಂಗಾಯ್ತು! ಡಾಕ್ಟ್ರು ನಂಗೂ ದಿನಕ್ಕೆ ಒಂದೇ ಲೀಟ್ರು ನೀರು ಅಂದಿದಾರೆ. ನಾನೆಷ್ಟು ಕುದ್ರೆ ಎಳೀಬೋದು, ಲೆಕ್ಕ ಹಾಕು" ಎಂದ. ಅವನ ಬಾಯಿ ಮುಚ್ಚಿಸಲು ನಾನು ತಮ್ಮ ಪುಸ್ತಿಕೆಯನ್ನು ಗಟ್ಟಿಯಾಗಿ ಓದಿದೆ. ಝ್ಲಾಟ್ಕಾ ಚಕ್ರಗಳ ಮುಂದೆ ತಾಮ್ರದ ಚೊಂಬಿನಿಂದ ನೀರು ಚೆಲ್ಲಿದಳು, ನೀರು ಹರಿದಂತೆ ಪ್ರಯಾಣ ಸಾಗಲಿ ಎಂದು. ಪಾದ್ರಿಗಳು ಬಂದು ತುಳಸಿ ಕಟ್ಟಿನಿಂದ ಬಾನೆಟ್ಟಿನ ಮೇಲೆ ತೀರ್ಥ ಚಿಮುಕಿಸಿದರು. ಅವರಿಬ್ಬರದೂ ತಪ್ಪಿಲ್ಲ, ಒಳಗೆ ಏನಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಇಪ್ಪತ್ತೆರಡು ತಿಂಗಳು, ಮೂವತ್ತೊಂದು ಸಾವಿರ ಕಿಲೋಮೀಟರ್ ಅದು ಓಡಿತು. ಓಡಿದಷ್ಟು ದಿನ ಚೆನ್ನಾಗಿಯೇ ಓಡಿತು. ಹಿಂದಿನ ಸೀಟಿನಲ್ಲಿ ಮಿಂಚೊ ನಿದ್ದೆ ಮಾಡುತ್ತ ಬರುತ್ತಿದ್ದ, ಅವನು ನಿದ್ದೆ ಮಾಡಿದರೆ ಪೆನ್ಕಾಳ ಮುಖ ಅರಳುತ್ತಿತ್ತು. ಫೆಬ್ರುವರಿಯ ಒಂದು ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ, ಪಟ್ಟಣಕ್ಕೆ ಇಳಿಯುವ ದಾರಿಯಲ್ಲಿ, ನೀರಿನ ಕಟ್ಟೆಯ ತಿರುವಿಗೆ ಬರುತ್ತಿದ್ದಂತೆ ಎಣ್ಣೆಯ ಕೆಂಪು ದೀಪ ಹೊತ್ತಿತು, ಟರ್ಬೊ ಒಮ್ಮೆ ಸಿಳ್ಳೆ ಹಾಕಿತು, ಬ್ರೇಕಿನ ಪೆಡಲು ಕಾಲಡಿ ಕಲ್ಲಿನಂತೆ ಗಟ್ಟಿಯಾಯಿತು. ನಾನು ಹ್ಯಾಂಡ್‌ಬ್ರೇಕ್ ಎಳೆದು, ಎರಡೂ ಕಾಲಿನಿಂದ ತುಳಿದು, ದೇವರ ಹೆಸರನ್ನೂ ಇನ್ನು ಕೆಲವು ಮಾತುಗಳನ್ನೂ ಹೇಳಿ ಕಾರನ್ನು ಮಣ್ಣಿನ ದಿಬ್ಬಕ್ಕೆ ತಾಗಿಸಿ ನಿಲ್ಲಿಸಿದೆ. ಎಂಜಿನ್ನು ತಾನಾಗಿಯೇ ನಿಂತಿತು. "ಷಡ್ಕಾ, ಕುದ್ರೆಗಳೆಲ್ಲ ಇಳಿದು ಹೋದ್ವು ಅನ್ಸುತ್ತೆ" ಎಂದು ಹಿಂದಿನಿಂದ ಮಿಂಚೊ ಹೇಳಿದ. ಅವನ ಪುಣ್ಯಕ್ಕೆ, ಶುಕ್ರವಾರ ಈ ಕಡೆ ಬಾರದ ಬ್ರೆಡ್ಡಿನ ವ್ಯಾನು ಅಂದು ಆ ದಾರಿಯಲ್ಲಿ ಬಂತು. ಅವನನ್ನು ಖಾಲಿ ತಟ್ಟೆಗಳ ನಡುವೆ ಕೂರಿಸಿ ಆಸ್ಪತ್ರೆಗೆ ಕಳಿಸಿ, ನಾನು ತಮ್ಮ ಸಹಾಯವಾಣಿಗೆ ಫೋನು ಮಾಡಿದೆ.

ಸಹಾಯ ಬಂತು. ತಾವು ಎಷ್ಟು ಬೇಗ ಸಹಾಯ ಕಳಿಸುತ್ತೀರೆಂಬುದನ್ನು ಮೆಚ್ಚಲೇಬೇಕು. ಆದರೆ ಬಂದದ್ದು ಏನು ಗೊತ್ತೇ ಮಾನ್ಯರೇ? ತಿರುವು ದಾಟಿ ಕೆಮ್ಮುತ್ತ ಬಂದದ್ದು ಮಿಂಚೊನ ಜೀಪು. ಬಾಗಿಲಿನ ಹಗ್ಗ ಹಾಗೆಯೇ ಇತ್ತು. ಪಕ್ಕದಲ್ಲಿ ತಮ್ಮ ಕಂಪನಿಯ ಮುದ್ರೆ ಮಾತ್ರ ಹೊಸದಾಗಿ ಅಂಟಿಸಿತ್ತು. ಓಡಿಸುತ್ತಿದ್ದವನು ತಮ್ಮ ವರ್ಕ್‌ಶಾಪಿನ ಮೇಸ್ತ್ರಿ. ಅವನ ಹೆಸರು ಸಾಲಿ ಎಂದಿಟ್ಟುಕೊಳ್ಳೋಣ, ನಮ್ಮ ಕಣಿವೆಯಲ್ಲಿ ಸಾಲಿ ಎಂಬುವವರು ಇಪ್ಪತ್ತು ಮಂದಿ ಇರುವುದರಿಂದ ಯಾವ ಸಾಲಿಯೆಂದು ತಾವು ಹುಡುಕುವ ಕಷ್ಟ ತೆಗೆದುಕೊಳ್ಳಬಾರದು. "ಈ ತಿರುವುಗಳಲ್ಲಿ ದೊಡ್ಡ ಲಾರಿ ಹೊರಳಲ್ಲ ಪೋಸ್ಟ್ ಮಾಸ್ಟ್ರೇ. ಇದನ್ನ ಗುಜರಿಗೆ ಹಾಕ್ಬೇಕು ಅಂತಿದ್ರು, ಈಗ ಇದಿಲ್ದೆ ಅಂಗಡೀನೇ ನಡೆಯಲ್ಲ. ಈ ತಿಂಗ್ಳಲ್ಲಿ ನಿಮ್ದು ಏಳನೇದು" ಎಂದು ಅವನು ಹಗ್ಗ ಬಿಗಿಯುತ್ತ ಹೇಳಿದ. ನಾಚಿಕೆಯಿಂದ ನಾನು ಜೀಪಿನ ಕಡೆ ನೋಡಲಿಲ್ಲ.

ವರ್ಕ್‌ಶಾಪಿನಲ್ಲಿ ಸಾಲಿ ಕಂಪನಿಯ ವಿರುದ್ಧ ಒಂದು ಮಾತೂ ಆಡಲಿಲ್ಲ, ಇದನ್ನು ನಾನು ಪ್ರಮಾಣ ಮಾಡಿ ಹೇಳುತ್ತೇನೆ. ಎಂಜಿನ್ನಿನ ತಳ ಬಿಚ್ಚಿ, ಎಣ್ಣೆ ಎಳೆಯುವ ಪಂಪಿನ ಪುಟ್ಟ ಜರಡಿಯನ್ನು ನನ್ನ ಅಂಗೈಯಲ್ಲಿಟ್ಟ, ಅಷ್ಟೇ. ಜರಡಿಯ ತುಂಬ ಕರಿ ರಬ್ಬರಿನ ಪುಡಿ ಮೆತ್ತಿಕೊಂಡಿತ್ತು. ಎಂಜಿನ್ನಿನ ಒಳಗೆ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ತಿರುಗಿಸುವ ರಬ್ಬರ್ ಬೆಲ್ಟನ್ನು, ಬೇರೆಯವರು ಒಣಗಿದ ಜಾಗದಲ್ಲಿ ಇಡುವಂಥದ್ದನ್ನು, ತಮ್ಮ ಜಾಣರು ಬಿಸಿ ಎಣ್ಣೆಯಲ್ಲೇ ಮುಳುಗಿಸಿ ಇಟ್ಟಿದ್ದಾರೆ. ಅದು ವರ್ಷವೆರಡರಲ್ಲಿ ಊದಿ, ಬಿರಿದು, ಉದುರಿ, ಆ ಪುಡಿ ಹೋಗಿ ಜರಡಿಯನ್ನು ಮುಚ್ಚಿ, ಎಣ್ಣೆ ಮೇಲೇರದೆ, ಬ್ರೇಕಿಗೆ ಬಲ ಕೊಡುವ ಪಂಪು ಸೋತು, ಎಣ್ಣೆಯನ್ನೇ ನಂಬಿಕೊಂಡು ನಿಮಿಷಕ್ಕೆ ಲಕ್ಷಾಂತರ ಸುತ್ತು ತಿರುಗುವ ಟರ್ಬೊ ಒಣಗಿ ಸತ್ತಿತು. ಸಂಜೆ ಇದನ್ನು ಮಿಂಚೊಗೆ ವಿವರಿಸಿದೆ. ಅವನು "ಅಂದ್ರೆ ಇದಕ್ಕೂ ಕಿಡ್ನಿ ಹೋಗಿದೆ ಅನ್ನು. ಪಾಪ, ನನ್ನ ಪಕ್ಕದ ಮಂಚ ಖಾಲಿ ಇದೆ, ಸೋಮವಾರ ಕರ್ಕೊಂಡು ಬಾ" ಎಂದ. ಮರುದಿನ, ಸತ್ತವರಿಗೆ ನಮ್ಮಲ್ಲಿ ಮನೆಬಾಗಿಲಿಗೂ ಮರಗಳಿಗೂ ಅಂಟಿಸುವ ಶ್ರದ್ಧಾಂಜಲಿ ಕಾಗದದಂಥದ್ದೊಂದನ್ನು ಅವನೇ ಬರೆದು ನಮ್ಮ ಗೇಟಿಗೆ ಅಂಟಿಸಿದ: "ಎರಡು ವರ್ಷವೂ ತುಂಬದ ನಮ್ಮ ಮುದ್ದಿನ ಒಂದು ಲೀಟರ್ ಅಕಾಲ ಮರಣಕ್ಕೆ ತುತ್ತಾಗಿದೆ. ದುಃಖತಪ್ತರು: ನೂರ ಹತ್ತು ಕುದುರೆಗಳು."

ವಾರಂಟಿ ಐದು ವರ್ಷ ಇದೆ, ಹೆದರಬೇಡಿ ಎಂದು ತಮ್ಮ ಮಳಿಗೆಯವರು ಹೇಳಿ, ಕಾರನ್ನು ಮನೆಗೆ ತಂದು ಬಿಟ್ಟರು. ಮಾರ್ಚ್ ತಿಂಗಳಲ್ಲಿ ತಮ್ಮ ಪ್ರಧಾನ ಕಚೇರಿಯಿಂದ ತಜ್ಞರೊಬ್ಬರು ಬಂದರು. ಶ್ರೀ ಆಲ್ಬ್ರೆಕ್ಟ್ ಅವರ ಸೌಜನ್ಯವನ್ನು ಎಷ್ಟು ಹೊಗಳಿದರೂ ಸಾಲದು. ಝ್ಲಾಟ್ಕಾ ಮಾಡಿದ, ಚೀಸು ತುಂಬಿ ಬೇಯಿಸುವ ಬಾನಿತ್ಸಾ ಮೂರು ತುಂಡು ತಿಂದರು, ನಾಲ್ಕನೆಯದನ್ನು ಕಾಗದದಲ್ಲಿ ಸುತ್ತಿಸಿಕೊಂಡರು. ಅವರಿಗೆ ನಮ್ಮ ಭಾಷೆ ಬಾರದು, ಹಾಗಾಗಿ ಫೋನಿನಲ್ಲಿ ಅನುವಾದ ಮಾಡುವ ಯಂತ್ರವೊಂದನ್ನು ತಂದಿದ್ದರು. ಪ್ರಶ್ನೆಗಳನ್ನು ಅದು ಚೆನ್ನಾಗಿಯೇ ಕೇಳಿತು. ಉತ್ತರವೇ ಅದಕ್ಕೆ ತಿಳಿಯಲಿಲ್ಲ, ಏಕೆಂದರೆ ನಮ್ಮ ಬೆಟ್ಟದ ಮಾತು ರಾಜಧಾನಿಯವರಿಗೇ ಅರ್ಥವಾಗುವುದಿಲ್ಲ. ನಿಮ್ಮ ವರ್ಕ್‌ಶಾಪಿನಲ್ಲೇ ಎರಡು ಸಲ ಎಣ್ಣೆ ಬದಲಿಸಿದ್ದೇನೆ ಎಂದು ನಾನು ಹೇಳಿದರೆ, ನಿಮ್ಮ ಮಾವನಿಗೆ ಎರಡು ಸಲ ಎಣ್ಣೆ ಹಚ್ಚಿದ್ದೇನೆ ಎಂದು ಅದು ಅವರಿಗೆ ಹೇಳಿತಂತೆ. ಶ್ರೀ ಆಲ್ಬ್ರೆಕ್ಟ್ ಗಾಬರಿಯಾಗಿ, ಇನ್ನು ಮೇಲೆ ಮಾತು ಬೇಡ, ತಲೆಯಾಡಿಸಿ ಸಾಕು, ನಾನು ವಿಡಿಯೊ ಮಾಡಿಕೊಳ್ಳುತ್ತೇನೆ ಎಂದರು.

ಇಲ್ಲಿಯೇ, ಮಾನ್ಯರೇ, ನಮ್ಮ ದೇಶದ ಕುತ್ತಿಗೆ ತಮ್ಮ ದೇಶದ ಕುತ್ತಿಗೆಗೆ ಎದುರಾಯಿತು. ಹೌದು ಎನ್ನಲು ನಾವು ತಲೆಯನ್ನು ಅಡ್ಡಕ್ಕೆ ಆಡಿಸುತ್ತೇವೆ. ಇಲ್ಲ ಎನ್ನಲು ಗದ್ದ ಎತ್ತಿ ತಲೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತೇವೆ, ಕೋಪ ಬಂದಿದ್ದರೆ ನಾಲಿಗೆಯಿಂದ ಲೊಚ್ ಎಂದೂ ಅನ್ನುತ್ತೇವೆ. ನನ್ನ ಅಜ್ಜ, ಮುತ್ತಜ್ಜ ಹಾಗೆಯೇ ಆಡಿಸಿದರು, ನಾನೂ ಹಾಗೆಯೇ ಆಡಿಸಿದೆ. ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಿಸಿದ್ದೀರಾ? ಅಡ್ಡಕ್ಕೆ. ಕಂಪನಿ ಹೇಳಿದ ಎಣ್ಣೆಯನ್ನೇ ಹಾಕಿಸಿದ್ದೀರಾ? ಅಡ್ಡಕ್ಕೆ. ಕಾರನ್ನು ಓಟದ ಸ್ಪರ್ಧೆಗೆ ಬಳಸಿದ್ದೀರಾ? ಅರವತ್ತೆಂಟು ವರ್ಷದ ನನಗೆ ನಗು ಬಂತು, ಮೇಲಕ್ಕೆ ಕೆಳಕ್ಕೆ. ಅಡುಗೆ ಎಣ್ಣೆ ಹಾಕಿದ್ದುಂಟೇ? ಮೇಲಕ್ಕೆ ಕೆಳಕ್ಕೆ. ಕೆಂಪು ದೀಪ ಹೊತ್ತಿದ ಮೇಲೂ ಓಡಿಸಿದಿರಾ? ಮೇಲಕ್ಕೆ ಕೆಳಕ್ಕೆ. ಕೊನೆಗೆ, ಒಟ್ಟಾರೆ ನಮ್ಮ ಕಾರಿನಿಂದ ತಮಗೆ ಸಂತೋಷವಾಗಿದೆಯೇ ಎಂದು ಕೇಳಿದಾಗ ನಾನು ತಲೆಯನ್ನು ಎಷ್ಟು ಜೋರಾಗಿ ಮೇಲಕ್ಕೆತ್ತಿದೆನೆಂದರೆ ಟೋಪಿ ಬಿದ್ದುಹೋಯಿತು.

ಮೂರು ವಾರದ ನಂತರ ತಮ್ಮ ಪತ್ರ ಬಂತು. ಮಾಲೀಕರು ವಿಡಿಯೊದಲ್ಲಿ ತಾವೇ ಒಪ್ಪಿಕೊಂಡಿರುವಂತೆ, ಎಣ್ಣೆಯನ್ನು ಒಮ್ಮೆಯೂ ಬದಲಿಸಿಲ್ಲ. ಅಡುಗೆ ಎಣ್ಣೆ ಸುರಿದಿದ್ದಾರೆ. ಬೆಟ್ಟದ ರಸ್ತೆಯಲ್ಲಿ ಸ್ಪರ್ಧೆಗಳಲ್ಲಿ ಭಾಗವಹಿಸಿದ್ದಾರೆ. ಇದೆಲ್ಲವನ್ನೂ ನಗುತ್ತ ಹೇಳಿದ್ದಾರೆ. ಆದ್ದರಿಂದ ವಾರಂಟಿ ಅನ್ವಯವಾಗುವುದಿಲ್ಲ. ತಮ್ಮದೇ ವರ್ಕ್‌ಶಾಪಿನ ದಾಖಲೆ ನನ್ನ ಪರವಾಗಿದೆಯೆಂದು ತಾವೇ ಒಪ್ಪಿ, ಆದರೂ ಕಾಗದಕ್ಕಿಂತ ಮನುಷ್ಯನ ತಪ್ಪೊಪ್ಪಿಗೆಯೇ ಹೆಚ್ಚೆಂದು ತೀರ್ಮಾನಿಸಿದ್ದೀರಿ. ಮನುಷ್ಯನ ಮೇಲೆ ತಾವಿಟ್ಟ ಈ ವಿಶ್ವಾಸಕ್ಕೆ ನನ್ನ ಕಣ್ಣು ತುಂಬಿತು. ಗಾಯದ ಮೇಲೆ ಬರೆ ಎಳೆದಂತೆ, ತಮ್ಮ ತ್ರೈಮಾಸಿಕ ಪತ್ರಿಕೆಯಲ್ಲಿ ನನ್ನ ಟೋಪಿ ಹಾರುತ್ತಿರುವ ಚಿತ್ರವನ್ನು ಅಚ್ಚು ಹಾಕಿ, ಕೆಳಗೆ "ಅತ್ಯಂತ ಸಂತುಷ್ಟ ಗ್ರಾಹಕ" ಎಂದು ಬರೆದಿದ್ದೀರಿ. ಪೆನ್ಕಾ ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿಕೊಂಡಿದ್ದಾಳೆ.

ನಾನು ಮೇಲ್ಮನವಿ ಸಲ್ಲಿಸಿದೆ. ಈ ಸಲ ಎಡವಬಾರದೆಂದು ಕನ್ನಡಿಯ ಮುಂದೆ ನಿಂತು ತಮ್ಮ ದೇಶದವರಂತೆ ತಲೆಯಾಡಿಸುವುದನ್ನು ಹತ್ತು ದಿನ ಅಭ್ಯಾಸ ಮಾಡಿದೆ. ಝ್ಲಾಟ್ಕಾ ಪ್ರಶ್ನೆ ಕೇಳುವುದು, ನಾನು ತಿರುಗುಮುರುಗು ಆಡಿಸುವುದು. ಊಟ ಬೇಕಾ ಎಂದು ಕೇಳಿದಾಗ ಮರೆತು ಹೊಸ ರೀತಿಯಲ್ಲಿ ಆಡಿಸಿ ಎರಡು ಹೊತ್ತು ಉಪವಾಸವನ್ನೂ ಬಿದ್ದೆ. ಏಪ್ರಿಲ್‌ನಲ್ಲಿ ಶ್ರೀ ಆಲ್ಬ್ರೆಕ್ಟ್ ಮತ್ತೆ ಬಂದರು. ಅದೇ ಆರು ಪ್ರಶ್ನೆ, ನಾನು ಪರೀಕ್ಷೆಯಲ್ಲಿ ಮೊದಲ ದರ್ಜೆ ಬರುವವನಂತೆ ತಮ್ಮ ದೇಶದ ಕುತ್ತಿಗೆಯಿಂದ ಆರಕ್ಕೂ ಉತ್ತರಿಸಿದೆ. ಅವರು ಹೊರಟು ನಿಂತಾಗ ಹೆಮ್ಮೆಯಿಂದ ತಮ್ಮ ಚೀಲದಿಂದ ಒಂದು ಪುಸ್ತಕ ತೆಗೆದು ತೋರಿಸಿದರು: ನಮ್ಮ ದೇಶದ ರೀತಿನೀತಿಗಳನ್ನು ಪ್ರವಾಸಿಗರಿಗೆ ತಿಳಿಸುವ ಪುಸ್ತಕ. ತಲೆಯಾಡಿಸುವ ಪುಟಕ್ಕೆ ಕೆಂಪು ಗುರುತು ಹಾಕಿದ್ದರು. ಅವರು ನಮಗಾಗಿ ಬದಲಾಗಿದ್ದರು, ನಾನು ಅವರಿಗಾಗಿ ಬದಲಾಗಿದ್ದೆ. ಪಕ್ಕದಲ್ಲಿ ಕುಳಿತಿದ್ದ ಮಿಂಚೊ ನಕ್ಕು ನಕ್ಕು ಕೆಮ್ಮಿದ. "ಇಬ್ರೂ ಸೇರಿ ಎರಡನೇ ಸಲ ಅಡುಗೆ ಎಣ್ಣೆ ಹಾಕಿದ್ರಲ್ಲೋ!" ಎಂದ.

ಮತ್ತೆ ನಿರಾಕರಣೆಯೇ ಬಂದು ನಾನು ಸಲ್ಲಿಸಿದ ಹೊಸ ಮೇಲ್ಮನವಿಯ ವಿಚಾರಣೆಗೆ ತೊಂಬತ್ತು ಕೆಲಸದ ದಿನಗಳು ಬೇಕೆಂದು ತಾವು ಬರೆದಿದ್ದೀರಿ. ತಮ್ಮ ತೊಂಬತ್ತು ದಿನಗಳ ಒಳಗೆ ಹದಿನೆಂಟು ಶುಕ್ರವಾರಗಳಿವೆ. ಸೋಮವಾರ, ಬುಧವಾರ ಬ್ರೆಡ್ಡಿನ ವ್ಯಾನು ಮುಂಜಾನೆಯೇ ಖಾಲಿಯಾಗಿ ಪಟ್ಟಣಕ್ಕೆ ಇಳಿಯುತ್ತದೆ, ಮಿಂಚೊನನ್ನು ಹತ್ತಿಸಿಕೊಳ್ಳುತ್ತದೆ. ಶುಕ್ರವಾರ ಮಾತ್ರ ಅದು ಆಚೆ ಕಣಿವೆಗೆ ಹೋಗುತ್ತದೆ. ಫೆಬ್ರುವರಿಯ ಆ ದಿನ ನಮಗೆ ಸಿಕ್ಕದ್ದು ಅದೃಷ್ಟ. ಶುಕ್ರವಾರಕ್ಕಾಗಿ ನಾನು ಮನೆ ಮನೆ ಬಾಗಿಲು ಬಡಿದಿದ್ದೇನೆ. ಒಬ್ಬರಲ್ಲಿ ಕಾರು ಇದ್ದರೆ ಮಗನ ಕೆಲಸವಿರುತ್ತದೆ, ಇನ್ನೊಬ್ಬರಲ್ಲಿ ಬಿಡುವಿದ್ದರೆ ಟ್ರ್ಯಾಕ್ಟರ್ ಮಾತ್ರ ಇರುತ್ತದೆ. ಮಾರ್ಚಿನಲ್ಲಿ ಎರಡು ಶುಕ್ರವಾರ ತಪ್ಪಿದವು. ಏಪ್ರಿಲ್‌ನಲ್ಲಿ ಮತ್ತೊಂದು ತಪ್ಪಿತು. ಆ ಭಾನುವಾರ ಪೆನ್ಕಾ ಬೇಲಿಯ ಆಚೆಯಿಂದ "ಭಾವಾ, ಅವರಿಗೆ ಬೂಟಿನೊಳಗೆ ಕಾಲೇ ಹೋಗ್ತಿಲ್ಲ, ಮಲಗಿದ್ರೆ ಉಸಿರೂ ಆಡಲ್ಲ" ಎಂದು ಕೂಗಿದಳು. ಆಂಬುಲೆನ್ಸ್ ಬಂದು ಅವನನ್ನು ಕರೆದೊಯ್ದಿತು, ನಾಲ್ಕು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಮಾನ್ಯರೇ, ಈ ಒಂದು ಸಾಲನ್ನು ನಾನು ಸೌಜನ್ಯವಿಲ್ಲದೆ ಬರೆಯುತ್ತೇನೆ, ಕ್ಷಮಿಸಿ: ಅವನ ಜೀಪನ್ನು ಅವನಿಂದ ಬಿಡಿಸಿದವನು ನಾನು, ಅಂದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನಾನು ಅತ್ತೆ.

ತಮ್ಮಲ್ಲಿ ಕೇಳಬೇಕೆಂದಿದ್ದ ಕೆಲವು ಸಣ್ಣ ಬೇಡಿಕೆಗಳಿದ್ದವು. ಎಣ್ಣೆಯಲ್ಲಿ ಮುಳುಗಿದರೂ ಎಣ್ಣೆ ತಾಗದಂಥ ಬೆಲ್ಟೊಂದನ್ನು, ಇಲ್ಲವೇ ಬೆಲ್ಟಿಗೆ ತಾಗದಂಥ ಎಣ್ಣೆಯನ್ನು ಕಂಡುಹಿಡಿಯುವುದು; ಅದಾಗದಿದ್ದರೆ ತಮ್ಮ ಪರೀಕ್ಷಾ ಕೊಠಡಿಯ ನೆಲದಷ್ಟು ಸಮತಟ್ಟಾಗುವಂತೆ ರೊಡೋಪಿ ಬೆಟ್ಟಗಳನ್ನು ತಗ್ಗಿಸಿಕೊಡುವುದು; ನಮ್ಮ ದೇಶದ ಎಪ್ಪತ್ತು ಲಕ್ಷ ಕುತ್ತಿಗೆಗಳನ್ನು ವಾಪಸು ಕರೆಸಿಕೊಂಡು ತಮ್ಮ ವರ್ಕ್‌ಶಾಪಿನಲ್ಲಿ ಸರಿಪಡಿಸಿ ಕಳಿಸುವುದು; ಮತ್ತು ಮಿಂಚೊನ ಕಿಡ್ನಿಗಳೂ ಮೂವತ್ತೊಂದು ಸಾವಿರ ಕಿಲೋಮೀಟರಿಗಿಂತ ಹೆಚ್ಚು ನಡೆದಿರುವುದರಿಂದ, ಅವಕ್ಕೂ ತಮ್ಮ ವಾರಂಟಿಯನ್ನೇ ನೀಡಿ, ಅಡುಗೆ ಎಣ್ಣೆ ತಿಂದಿದ್ದಾನೆಂಬ ಕಾರಣಕ್ಕೆ ಅದನ್ನು ಕ್ರಮಬದ್ಧವಾಗಿ ನಿರಾಕರಿಸುವುದು. ಇವನ್ನೆಲ್ಲ ಕೇಳುವವನಿದ್ದೆ. ಕೊನೆಗೆ ಜೀಪನ್ನಾದರೂ ಹಿಂದಕ್ಕೆ ಕೊಡಿ, ಕಾರನ್ನು ಅದರ ಎಲ್ಲ ಕೀರ್ತಿಯೊಡನೆ ತಾವೇ ಇಟ್ಟುಕೊಳ್ಳಿ ಎಂದು ತಮ್ಮ ಮಳಿಗೆಯಲ್ಲಿ ಬೇಡಿದೆ. ಕೊಡಲಾಗದು, ತಮ್ಮ ಹೊಸ ಕಾರುಗಳನ್ನು ಎಳೆದು ತರಲು ಅದೊಂದೇ ಗಟ್ಟಿ ವಾಹನವಿರುವುದು ಎಂದರು.

ಆದರೆ ಈಗ ಈ ಯಾವ ಬೇಡಿಕೆಯೂ ಇಲ್ಲ. ಮೂರು ವಾರಗಳ ಹಿಂದೆ, ತೊಂಬತ್ತು ದಿನ ಕಾಯುವವನಿಗೆ ಓದಲು ಬೇರೇನಿದೆ ಎಂದು ನಾನು ವಾರಂಟಿಯ ಪುಸ್ತಕವನ್ನು ಮೊದಲ ಪುಟದಿಂದ ಓದಲು ಕುಳಿತೆ. ತಮ್ಮ ವಾರಂಟಿಯನ್ನು ನಾನು ಇಷ್ಟು ದಿನ ಊಟಕ್ಕಿಲ್ಲದ ಉಪ್ಪಿನಕಾಯಿ ಎಂದುಕೊಂಡಿದ್ದೆ. ತಪ್ಪಾಯಿತು. ಹದಿನಾಲ್ಕನೆಯ ಕಲಮು ಹೀಗಿದೆ: ವಾರಂಟಿ ನಿರಾಕರಣೆಯಾದರೂ ಆಗದಿದ್ದರೂ, ಕೊಂಡ ದಿನದಿಂದ ಐದು ವರ್ಷ, ಕಾರು ಹೊರಡದಿದ್ದಾಗಲೆಲ್ಲ, ಎಷ್ಟು ಸಲವಾದರೂ, ಕಂಪನಿಯು ಕಾರನ್ನೂ ಅದರ ಪ್ರಯಾಣಿಕರನ್ನೂ ಉಚಿತವಾಗಿ ವರ್ಕ್‌ಶಾಪಿಗೆ ಒಯ್ಯತಕ್ಕದ್ದು, ಅದೇ ದಿನ ದುರಸ್ತಿ ಸಾಧ್ಯವಾಗದಿದ್ದಲ್ಲಿ ಕಾರನ್ನೂ ಪ್ರಯಾಣಿಕರನ್ನೂ ಸಂಜೆಯೊಳಗೆ ಅವರ ಮನೆಗೆ ತಲುಪಿಸತಕ್ಕದ್ದು. ತಮ್ಮ ವರ್ಕ್‌ಶಾಪಿನಿಂದ ಜಿಲ್ಲಾ ಆಸ್ಪತ್ರೆಗೆ ಇನ್ನೂರು ಹೆಜ್ಜೆ.

ಅಂದಿನಿಂದ ಪ್ರತಿ ಶುಕ್ರವಾರ ಬೆಳಿಗ್ಗೆ ನಾನು ಕಾರಿನ ಕೀಲಿ ತಿರುಗಿಸುತ್ತೇನೆ. ಅದು ಹೊರಡುವುದಿಲ್ಲ. ನಾನು ಆಶ್ಚರ್ಯಪಟ್ಟು ತಮ್ಮ ಸಹಾಯವಾಣಿಗೆ ಫೋನು ಮಾಡುತ್ತೇನೆ, ಜೀಪು ಬರುತ್ತದೆ, ನಾವಿಬ್ಬರು ಪ್ರಯಾಣಿಕರು ಪಟ್ಟಣ ಸೇರುತ್ತೇವೆ. ಮಿಂಚೊ ನಾಲ್ಕು ಗಂಟೆ ಯಂತ್ರಕ್ಕೆ ತೋಳು ಕೊಡುವಷ್ಟು ಹೊತ್ತು ತಮ್ಮವರು ಕಡತ ತೆಗೆದು ನೋಡಿ, ದುರಸ್ತಿ ನಿರಾಕರಿಸಲಾಗಿದೆ ಎಂದು ಮುದ್ರೆ ಒತ್ತುತ್ತಾರೆ. ಒಬ್ಬ ಪೋಸ್ಟ್ ಮಾಸ್ಟರನಾಗಿ ಹೇಳುತ್ತೇನೆ, ಅಷ್ಟು ಅಂದವಾಗಿ ಬೀಳುವ ಮುದ್ರೆಯನ್ನು ನಾನು ನೋಡಿಲ್ಲ. ಆಮೇಲೆ ಜೀಪು ನಮ್ಮನ್ನು ಮನೆಗೆ ತಂದು ಬಿಡುತ್ತದೆ. ಹೋದ ಪುಟ್ಟ, ಬಂದ ಪುಟ್ಟ. ಬರುವಾಗ ಮಿಂಚೊ ಹಿಂದೆ, ನನ್ನ ಕಾರಿನ ಮೆತ್ತನೆಯ ಸೀಟಿನಲ್ಲಿ ಮಲಗಿ ನಿದ್ದೆ ಮಾಡುತ್ತಾನೆ. ಆ ಸೀಟುಗಳ ಬಗ್ಗೆ ನನಗೆ ಯಾವ ದೂರೂ ಇಲ್ಲ. ಹೋಗುವಾಗಿನದನ್ನು ಬರೆಯಬಾರದು, ಬರೆದರೂ ತಾವು ಓದಿಲ್ಲವೆಂದು ಭಾವಿಸುತ್ತೇನೆ: ಊರು ದಾಟಿ ರಸ್ತೆ ಸಮವಾಗುವಲ್ಲಿ ಸಾಲಿ ಪಕ್ಕಕ್ಕೆ ಸರಿದು "ಹಿಡೀರಿ ಮಿಂಚಣ್ಣ" ಎನ್ನುತ್ತಾನೆ. ಮಿಂಚೊ ತನ್ನ ಜೀಪಿನ ಸ್ಟೇರಿಂಗ್ ಹಿಡಿಯುತ್ತಾನೆ. ಹಿಂದೆ ಹಗ್ಗಕ್ಕೆ ಸಿಕ್ಕಿಕೊಂಡು, ನೂರ ಹತ್ತು ಕುದುರೆಗಳ ಒಡೆಯನಾದ ನಾನು ಬರುತ್ತೇನೆ. ಕಿಟಕಿಯಿಂದ ತಲೆ ಹೊರಹಾಕಿ ಅವನು ಹಾಡುವುದು ನನಗೆ ಕೇಳಿಸುತ್ತದೆ. ಅವನ ರಾಗ ಕೆಟ್ಟದಾಗಿದೆ, ಹಾಡಲಿ.

ಹೀಗಿರುವಲ್ಲಿ ಮೊನ್ನೆ ತಮ್ಮ ಕಚೇರಿಯಿಂದ ಒಂದು ಮಿಂಚಂಚೆ ಬಂತು. ಮೇಲ್ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗುತ್ತಿದೆ, ಎಂಜಿನ್ ಬದಲಿಸಿಕೊಡುವ ಸಾಧ್ಯತೆ ಇದೆ ಎಂದು ಅದರಲ್ಲಿತ್ತು. ಬದಲಿಗೆ ಬರುವುದೂ ಅದೇ ಬೆಲ್ಟು, ಅದೇ ಎಣ್ಣೆ, ಅದೇ ಜರಡಿಯ ಎಂಜಿನ್ನೇ ಎಂದು ಸಾಲಿ ಹೇಳಲಿಲ್ಲ, ಕಣ್ಣಿನಲ್ಲೇ ತಿಳಿಸಿದ. ಅದು ಯಾವ ತಿರುವಿನಲ್ಲಿ, ಯಾವ ಶುಕ್ರವಾರ ನಿಲ್ಲುತ್ತದೆಂದು ಯಾರಿಗೆ ಗೊತ್ತು? ಈಗಿರುವುದಾದರೋ ನಿಂತೇ ಇದೆ, ಅದರ ಮೇಲೆ ಪೂರ್ತಿ ಭರವಸೆ ಇಡಬಹುದು. ಆದ್ದರಿಂದ ಕೈಮುಗಿದು ಬೇಡುತ್ತೇನೆ: ಒಬ್ಬ ಮನುಷ್ಯನ ಜೀವದ ಪ್ರಶ್ನೆ, ದಯವಿಟ್ಟು ನಮ್ಮ ಕಾರನ್ನು ದುರಸ್ತಿ ಮಾಡಬೇಡಿ. ಇನ್ನು ಎರಡು ವರ್ಷ ಹನ್ನೊಂದು ತಿಂಗಳು ತಮ್ಮ ನಿರಾಕರಣೆಯನ್ನು ಹೀಗೆಯೇ ಕಾಪಾಡಿಕೊಂಡು ಬನ್ನಿ. ಕಿಡ್ನಿಗಾಗಿ ಕಾಯುವವರ ಪಟ್ಟಿಯಲ್ಲಿ ಮಿಂಚೊನ ಹೆಸರಿದೆ. ಅಷ್ಟರಲ್ಲಿ ಅವನ ಸರದಿ ಬರಬಹುದು ಎಂದು ಡಾಕ್ಟರು ಹೇಳಿದ್ದಾರೆ, ಬರಬಹುದು ಎಂದಷ್ಟೇ ಹೇಳಿದ್ದಾರೆ.

ತಮ್ಮ ವಿಶ್ವಾಸಿ,
ವೆಲಿಚ್ಕೊ ಉರುಮೊವ್
ನಿವೃತ್ತ ಪೋಸ್ಟ್ ಮಾಸ್ಟರ್, ಗೊರ್ನಾ ಲಿಪಾ

ತಾಜಾ ಕಲಂ: ಬರುವ ಶುಕ್ರವಾರ ಬೆಳಿಗ್ಗೆ ಆರೂವರೆಗೆ ಸರಿಯಾಗಿ ನಮ್ಮ ಕಾರು ಮತ್ತೆ ಕೆಡಲಿದೆ. ಹೋದ ವಾರ ಜೀಪು ಹತ್ತು ನಿಮಿಷ ತಡವಾಗಿ ಬಂತು. ರೋಗಿಯನ್ನು ಹಾಗೆ ಕಾಯಿಸುವುದು ತಮ್ಮಂಥ ಕಂಪನಿಗೆ ಶೋಭೆಯಲ್ಲ.